ತಿರುವಿ ಕೂರಿಸಿದ ಲೆನ್ಸು

ನಾನು ಕ್ಯಾಮೆರಾದ ಲೆನ್ಸು. ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ನಿಜವಾಗಿ ಕಣ್ಣು ಬಂದದ್ದು ಬೆಟಗೇರಿಯ ಒಂದು ಹಿತ್ತಿಲಲ್ಲಿ. ಅದಕ್ಕೂ ಮೊದಲು ಏಳು ವರ್ಷ ಸ್ಟುಡಿಯೊ ಚನ್ನಬಸಪ್ಪನ ಕೊರಳಲ್ಲಿ ಜೋತುಬಿದ್ದು ಮದುವೆಗಳನ್ನು ನೋಡಿದೆ. ಅಕ್ಷತೆಯ ಏಟು ತಿಂದೆ, ಬೀಗರ ಮುನಿಸು ಕಂಡೆ. ಕೊನೆಗೊಂದು ಮದುವೆಯ ಊಟದ ನೂಕುನುಗ್ಗಲಲ್ಲಿ ಕಲ್ಲಿನ ಮೇಲೆ ಬಿದ್ದೆ. ಗಾಜು ಉಳಿಯಿತು, ಕ್ಯಾಮೆರಾಕ್ಕೆ ಸೇರುವ ಹಿಂಬದಿ ಮುರಿಯಿತು.

ಚನ್ನಬಸಪ್ಪನ ತಂಗಿ ನೀಲಾ ಪ್ರಾಥಮಿಕ ಶಾಲೆಯ ಟೀಚರು. ಅಣ್ಣ-ತಂಗಿ ಇಬ್ಬರೂ ಮದುವೆಯಾಗದೆ ಸ್ಟುಡಿಯೊದ ಹಿಂದಿನ ಎರಡು ಕೋಣೆಗಳಲ್ಲಿ ಇದ್ದುಬಿಟ್ಟರು. ನೀಲಾಗೆ ಹುಳುಗಳ ಹುಚ್ಚು. ಹಿತ್ತಿಲ ಇರುವೆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿದಂತೆಯೇ ಲೆಕ್ಕ. ಅಣ್ಣ ನನ್ನನ್ನು ಹಿಂದುಮುಂದಾಗಿ ತಿರುವಿ, ಸೈಕಲ್ ಟ್ಯೂಬಿನ ತುಂಡು ಸುತ್ತಿ, ಹಳೆಯದೊಂದು ಕ್ಯಾಮೆರಾಕ್ಕೆ ಕೂರಿಸಿ ಅವಳ ಕೈಗಿಟ್ಟ.

"ತಿರುವಿ ಹಾಕಿದರ ಸಣ್ಣದು ದೊಡ್ಡದಾಗಿ ಕಾಣತೈತಿ. ಆದರ ನಾಕು ಬೆರಳು ಹತ್ರ ಹೋಗಬೇಕು ನೋಡು," ಎಂದ.

ಆಮೇಲಿನ ಮೂವತ್ತು ವರ್ಷ ನಾನು ಕಂಡದ್ದನ್ನು ಮದುವೆಯ ಯಾವ ಲೆನ್ಸೂ ಕಂಡಿರಲಿಕ್ಕಿಲ್ಲ. ಜೀರುಂಡೆಯ ಮೀಸೆ, ನೊಣ ಕೈತೊಳೆಯುವ ಠೀವಿ, ಬಾಯಲ್ಲಿ ಮಣ್ಣು ತಂದು ಗಡಿಗೆ ಕಟ್ಟುವ ಕಣಜ. ಅಣ್ಣ ತೊಳೆಯುತ್ತಿದ್ದುದು ಕಪ್ಪು-ಬಿಳುಪು ರೋಲು ಮಾತ್ರ. ಅದಕ್ಕೇ ಅವರದೊಂದು ಪದ್ಧತಿ: ಫೋಟೊ ಒಣಗಿದ ಮೇಲೆ ನೀಲಾ ಬಣ್ಣ ಹೇಳುವಳು, ಅಣ್ಣ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುವನು.

"ಬರಕೋ ಅಣ್ಣಾ. ಬೆನ್ನು ನವಿಲು ಹಸಿರು, ಕಾಲು ಕೆಂಪು."

"ಹುಳಕ್ಕ ಇಷ್ಟು ಶೃಂಗಾರ. ನನ್ನ ಗಿರಾಕಿಗೆ ಇಲ್ಲ ನೋಡು," ಎಂದು ಅವನು ಗೊಣಗುತ್ತಲೇ ಬರೆಯುವನು.

ಅವಳಿಗೆ ಸಿಗದೆ ಉಳಿದದ್ದು ಒಂದೇ: ಚಿಟ್ಟೆ ಕೋಶ ಒಡೆದು ಹೊರಬರುವ ಗಳಿಗೆ. ಹಿತ್ತಿಲ ಎಕ್ಕದ ಗಿಡದಲ್ಲಿ ಪ್ರತಿವರ್ಷ ಕೋಶಗಳು ತೂಗುತ್ತಿದ್ದವು. ಅವು ಒಡೆಯುವ ಹೊತ್ತಿಗೇ ಶಾಲೆಯ ಪ್ರಾರ್ಥನೆಯ ಗಂಟೆ. ನಿವೃತ್ತಿಯಾಗಿ ಬಿಡುವು ಸಿಕ್ಕಿತು ಅನ್ನುವಾಗ ಕಣ್ಣಿಗೆ ಪೊರೆ ಬಂತು.

ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೊರಡುವ ಮುಂಜಾನೆ ಎಕ್ಕದ ಎಲೆಯಡಿ ಆಗಷ್ಟೇ ಕಟ್ಟಿದ ಕೋಶ ಕಂಡಿತು. ಆ ಮಂಜುಗಣ್ಣಿನಲ್ಲೇ ಒಂದು ಫೋಟೊ ತೆಗೆದಳು. ಕೋಶ ಒಡೆಯಲು ಹತ್ತು ದಿನವಾದರೂ ಬೇಕು, ಅವಳು ಏಳನೆಯ ದಿನಕ್ಕೆ ವಾಪಸು. ಹೊಸ ಕಣ್ಣಿನಲ್ಲಿ ಅದನ್ನು ನೋಡಬೇಕು, ಫೋಟೊ ತೆಗೆದು ಅಣ್ಣನನ್ನು ಬೆರಗುಗೊಳಿಸಬೇಕು ಎಂದು ಅವಳ ಆಸೆ. ಹಾಗಾಗಿ ಅವನ ಮುಂದೆ ಕೋಶದ ಸುದ್ದಿಯನ್ನೇ ಎತ್ತಲಿಲ್ಲ.

"ರೋಲ್ ತೆಗೀಬ್ಯಾಡ. ಇನ್ನೊಂದು ಫೋಟೊ ಉಳದೈತಿ," ಎಂದಳು, ಅಷ್ಟೇ.

ಹುಬ್ಬಳ್ಳಿಯಲ್ಲಿ ಅವಳ ಜೊತೆಗಿದ್ದ ಚನ್ನಬಸಪ್ಪ, ಮನೆ ಸಜ್ಜು ಮಾಡಲು ಅವಳಿಗಿಂತ ಒಂದು ದಿನ ಮೊದಲೇ ಊರಿಗೆ ಬಂದ. ಕಣ್ಣನ್ನು ಜೋಪಾನ ಮಾಡಿರೆಂದು ಡಾಕ್ಟರು ಹೇಳಿದ್ದರು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಾರೆ ಹಿಡಿದು ಗಿಡವನ್ನು ಬುಡಸಹಿತ ಕಿತ್ತ, ಕಸದ ಗಾಡಿಗೆ ಹಾಕಿದ, ನೆಲ ಸಾರಿಸಿದ. ಕಿಟಕಿಯಲ್ಲಿ ಕೂತ ನಾನು ಎಲ್ಲವನ್ನೂ ನೋಡಿದೆ. ನನಗೆ ಕಣ್ಣಷ್ಟೇ ಇದೆ, ಬಾಯಿಲ್ಲ.

ಕಪ್ಪು ಕನ್ನಡಕದ ನೀಲಾ ಬಂದವಳೇ ಹಿತ್ತಿಲಿಗೆ ಹೋದಳು.

"ಎಕ್ಕಿ ಗಿಡ ಕಿತ್ತ ಒಗದೀನಿ," ಎಂದ ಅಣ್ಣ, ಹೆಮ್ಮೆಯಿಂದ. "ಅದರ ಹಾಲು ಸಿಡಿದರ ಏನ ಗತಿ? ನಿನ್ನ ಕಣ್ಣಿಗಿಂತ ಹೆಚ್ಚೇನೈತಿ?"

ಅವಳು ಸಾರಿಸಿದ ನೆಲದ ತನಕ ನಡೆದುಹೋಗಿ ತಿರುಗಿ ಬಂದಳು. "ಚೊಲೊ ಮಾಡಿದಿ ಬಿಡು," ಎಂದಳು. ಅಷ್ಟರಲ್ಲಿ ಎಕ್ಕದ ಹಾಲಿಗೆ ಗುಳ್ಳೆಯೆದ್ದ ಅವನ ಅಂಗೈ ಕಣ್ಣಿಗೆ ಬಿತ್ತು.

"ಕೈ ತೋರಸು."

ನನ್ನನ್ನು ತಂದು, ನಾಲ್ಕು ಬೆರಳು ಹತ್ತಿರ ಹಿಡಿದು, ಉಳಿದಿದ್ದ ಆ ಒಂದು ಫೋಟೊ ತೆಗೆದಳು.

ರೋಲು ತೊಳೆದವನು ಚನ್ನಬಸಪ್ಪನೇ. ಕೆಂಪು ದೀಪದಡಿ ಕಾಗದದ ಮೇಲೆ ಮೊದಲು ಎಕ್ಕದ ಎಲೆ, ಅದರಡಿಯ ಕೋಶ ಮೂಡಿತು. ಆಮೇಲೆ ಅವನದೇ ಅಂಗೈ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವನು ಸ್ಟೂಲಿನ ಮೇಲೆ ಕುಸಿದು ಮಗುವಿನ ಹಾಗೆ ಅತ್ತ. ಆ ಫೋಟೊಗಳಿಗೆ ಏನು ಬಣ್ಣವೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಲ್ಲಿಂದಾಚೆ ಅವಳು ನನ್ನನ್ನು ಎತ್ತಿಕೊಂಡಾಗಲೆಲ್ಲ ಅವನು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಅವಳು ನನ್ನನ್ನು ಚಕ್ಕುಲಿ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

"ಸಾಕಾತು ಅಣ್ಣಾ. ಹುಳದ ಹಿಂದ ಓಡಾಡೂ ವಯಸ್ಸು ಅಲ್ಲ," ಎಂದಳು.

ಶುದ್ಧ ಸುಳ್ಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯಲು ಆ ಕತ್ತಲೆಯಲ್ಲಿ ವರ್ಷಗಳೇ ಬೇಕಾದವು.

ಒಂಬತ್ತು ವರ್ಷದ ಮೇಲೆ ಮುಚ್ಚಳ ತೆರೆಯಿತು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಗೋಡೆಯ ಬುಡದಲ್ಲಿ ಎಕ್ಕ ತಾನಾಗಿ ಚಿಗುರಿತ್ತು, ಎಲೆಯಡಿ ಕೋಶವೊಂದು ತೂಗುತ್ತಿತ್ತು. ಅವಳು ನನ್ನೊಳಗಿಂದ ನೋಡಿದಳು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಡಬ್ಬಿಯ ತೇವಕ್ಕೆ ನನ್ನ ಗಾಜಿನೊಳಗೆ ಬೂಸಲು ಹಬ್ಬಿತ್ತು. ಈಗ ಪೊರೆ ಬಂದದ್ದು ನನಗೆ.

ನನ್ನನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು. ನನಗೆ ಕಂಡದ್ದು ಬರೀ ಮಬ್ಬು ಬೆಳಕು. ದೂರದಲ್ಲಿ ಶಾಲೆಯ ಗಂಟೆ ಬಾರಿಸಿತು, ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮೇಲೆ ಒಂದು ಹನಿ ಬಿತ್ತು.

"ಬರಕೋ ಅಣ್ಣಾ," ಎಂದಳು. "ರೆಕ್ಕಿ ಕೇಸರಿ. ಅಂಚು ಕಪ್ಪು. ಆ ಕಪ್ಪಿನಾಗ ಬಿಳಿ ಚುಕ್ಕಿ."

ಒಳಗಿನಿಂದ ಯಾರೂ ಗೊಣಗಲಿಲ್ಲ.