ತಳ ಕಾಣದ ಹಿಟ್ಟಿನ ಡಬ್ಬ

ಹಿರೇನಲ್ಲೂರಿನ ಕರಿಬಸಮ್ಮನವರ ಮೊಮ್ಮಗಳು ಶಶಿಗೆ ಆರು ವರ್ಷ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟಿನ ಅಂಶ ಅವಳ ಕರುಳಿಗೆ ಪೆಟ್ಟು ಕೊಡುತ್ತದೆ, ಗೋಧಿಯನ್ನು ಚೂರೂ ಕೊಡಬೇಡಿ ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಚಪಾತಿ ಬಂದ್. ಮಗುವಿಗೆ ರಾಗಿ ರೊಟ್ಟಿ, ಮುದ್ದೆ, ಅನ್ನ ಅಷ್ಟೇ. ಆದರೂ ಹೊಟ್ಟೆನೋವು ನಿಲ್ಲಲಿಲ್ಲ, ಮಗು ಸೊರಗುತ್ತಲೇ ಹೋಯಿತು. ಈಚೆಗೆ ರೊಟ್ಟಿ ಕಹಿ ಎಂದು ತಟ್ಟೆ ತಳ್ಳತೊಡಗಿತು.

"ರಾಗಿನೂ ಆಗಲ್ಲ ಅಂದ್ರೆ ಈ ಮಗು ಇನ್ನೇನ್ ತಿಂದು ಬದುಕ್ಬೇಕು?" ಎಂದು ಸೊಸೆ ತ್ರಿವೇಣಿ ಕಣ್ಣೀರಿಟ್ಟಳು.

ಅದೇ ಹೊತ್ತಿಗೆ, ಪಕ್ಕದ ಬೀದಿಯಲ್ಲಿ ಹಿಟ್ಟಿನ ಮಿಲ್ ನಡೆಸುವ ಶಮ್ಶುನ್ನೀಸಾ ಬೀಸಿದ ರಾಗಿ ಹಿಟ್ಟು ಕೊಡಲು ಬಂದರು. ಕರಿಬಸಮ್ಮ ಚೀಲ ಬಿಚ್ಚಿ ಡಬ್ಬಕ್ಕೆ ಸುರಿಯಲು ಹೊರಟರು.

"ತಡೀರಕ್ಕ, ಹಿಟ್ಟು ಇನ್ನೂ ಬಿಸಿ ಐತೆ. ಈಗ್ಲೇ ಮುಚ್ಚಿಟ್ರೆ ಒಳಗೇ ಬೆವರುತ್ತೆ. ಬಟ್ಟೆ ಮೇಲೆ ಹರಡಿ, ಆರ್ಲಿ. ಅಲ್ದೆ ಡಬ್ಬದಲ್ಲಿ ಹಳೇದು ಉಳಿದೈತಲ್ಲ?"

"ಇರ್ಲಿ ಬಿಡವ್ವ. ಹಿಟ್ಟಿನ ಡಬ್ಬ ಬರಿದಾಗ್ಬಾರ್ದು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಈ ಮನೆಗೆ ಬಂದಾಗಿಂದ ನಾನು ಇದ್ರ ತಳ ನೋಡಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ನಗಬೇಡಿ, ಇದನ್ನು ಬರೆಯುತ್ತಿರುವ ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು.

ಶಮ್ಶುನ್ನೀಸಾ ಡಬ್ಬವನ್ನು ಮೂಸಿ ಮುಖ ಸಿಂಡರಿಸಿದರು. ಹಳೆ ಪೇಪರ್ ಹಾಸಿ ಪೂರ್ತಿ ಸುರಿದರು. ಮೊದಲು ಮುಗ್ಗಲು ವಾಸನೆಯ ರಾಗಿ ಹಿಟ್ಟು ಬಿತ್ತು. ಆಮೇಲೆ ಬಲೆ ಕಟ್ಟಿದ ಗಂಟುಗಳು, ಅವುಗಳೊಳಗೆ ಹರಿದಾಡುವ ಹುಳು. ತಳದಲ್ಲಿ ಇನ್ನೂ ಏನೋ ಅಂಟಿಕೊಂಡಿತ್ತು. ತ್ರಿವೇಣಿ ಚಮಚದಿಂದ ಕೆರೆದಳು. ಬಿಳಿಚಿಕೊಂಡ ಹಿಟ್ಟಿನ ಗಟ್ಟಿ ಪದರ, ಅಲ್ಲಲ್ಲಿ ಹಸಿರು ಬೂಷ್ಟು.

"ಅತ್ತೆ, ಇದು ರಾಗಿ ಅಲ್ಲ. ಗೋಧಿ ಹಿಟ್ಟು."

ಗೋಧಿ ನಿಲ್ಲಿಸಿದ ದಿನ ಕರಿಬಸಮ್ಮ ಅದೇ ಡಬ್ಬಕ್ಕೆ ಮಗುವಿನ ರಾಗಿ ಹಿಟ್ಟು ತುಂಬಿದ್ದರು. ತಳ ಕಾಣಬಾರದೆಂದು ಗೋಧಿಯನ್ನು ಪೂರ್ತಿ ತೆಗೆದಿರಲಿಲ್ಲ. ಹಿಟ್ಟು ಕಮ್ಮಿಯಾದಾಗಲೆಲ್ಲ ಕೆಳಗಿನದು ಮೇಲಿನದರ ಜೊತೆ ಬೆರೆತು ಶಶಿಯ ತಟ್ಟೆಗೆ ಬರುತ್ತಿತ್ತು.

"ಜರಡಿ ಹಿಡಿದು, ಹುರಿದ್ರೆ ಆಗಲ್ವೇನವ್ವ?" ಎಂದರು ಕರಿಬಸಮ್ಮ.

"ಜರಡಿಗೆ ಹುಳ ಸಿಗುತ್ತೆ ಅಕ್ಕ, ಬೂಷ್ಟಿನ ವಿಷ ಸಿಗಲ್ಲ. ಗೋಧಿನೂ ಸಿಗಲ್ಲ. ಹುರಿದ್ರೂ ಹೋಗಲ್ಲ. ಕೋಳಿಗೂ ಹಾಕ್ಬೇಡಿ, ಗುಂಡಿ ತೋಡಿ ಮುಚ್ಬಿಡಿ."

"ಡಾಕ್ಟ್ರು ಬ್ಯಾಡ ಅಂದಿದ್ದನ್ನ ನಾನೇ ಕೈಯಾರೆ ತಿನ್ನಿಸ್ದೆ. ಕಹಿ ಅಂದ್ರೆ ಹಟ ಅಂತ ಬೈದೆ." ಕರಿಬಸಮ್ಮ ಅಲ್ಲೇ ನೆಲದ ಮೇಲೆ ಕೂತರು.

ಶಮ್ಶುನ್ನೀಸಾ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. "ಶಶಿಗೆ ಹೊಸ ಡಬ್ಬ ತನ್ನಿ, ಚಮಚನೂ ಬೇರೆ ಇರ್ಲಿ. ಒಲೆ ಹತ್ರ ಇಡ್ಬೇಡಿ, ಒದ್ದೆ ಕೈ ಹಾಕ್ಬೇಡಿ. ರಾಗಿ ತಿಂಗಳಿಗಾಗೋವಷ್ಟೇ ಬೀಸಿ. ಸಜ್ಜೆ ಆದ್ರೆ ವಾರಕ್ಕಾಗೋವಷ್ಟೇ, ಅದು ಬೇಗ ಕಹಿ ಆಗುತ್ತೆ. ಬೀಸಿದ ತಾರೀಕು ಡಬ್ಬದ ಮೇಲೆ ಬರೀರಿ. ಗೋಧಿ ಬೀಸೋ ಮಿಷಿನ್ಗೆ ಮಗೂಂದು ಹಾಕ್ಲೇಬೇಡಿ, ನನ್ ಹತ್ರ ರಾಗಿಗೆ ಬೇರೆ ಮಿಷಿನ್ ಐತೆ."

ಆ ಹಿಟ್ಟು ಅಂದೇ ಮಣ್ಣು ಸೇರಿತು. ತ್ರಿವೇಣಿ ಮಗುವನ್ನು ಡಾಕ್ಟರಿಗೆ ಮತ್ತೆ ತೋರಿಸಿ ನಡೆದದ್ದೆಲ್ಲ ಹೇಳಿದಳು. ಒಂದೂವರೆ ತಿಂಗಳಲ್ಲಿ ಹೊಟ್ಟೆನೋವು ತಗ್ಗಿತು. ಮೊನ್ನೆ ಶಶಿ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದಾಗ ಕರಿಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಟ್ಟಿನ ಡಬ್ಬವನ್ನು ಇವತ್ತೇ ಒಂದು ಪೇಪರಿನ ಮೇಲೆ ಸುರಿಯಿರಿ. ಮುಗ್ಗಲು ವಾಸನೆ, ಗಂಟು, ಬಲೆ, ಹುಳು, ಬೂಷ್ಟು, ಬದಲಾದ ಬಣ್ಣ, ಇದರಲ್ಲಿ ಒಂದು ಕಂಡರೂ ರುಚಿ ನೋಡಲು ಹೋಗದೆ ಎಸೆಯಿರಿ. ಡಬ್ಬ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಹೊಸದು ತುಂಬಿ. ಬರಿದಾದ ಡಬ್ಬದಿಂದ ಯಾವ ಮಗುವಿಗೂ ಹೊಟ್ಟೆ ನೋಯುವುದಿಲ್ಲ.