ಪಾಠ ಹೇಳದೆ ಬಿಟ್ಟ ಮಾತು

ಆ ಹುಡುಗಿ ಓದಲು ಎದ್ದು ನಿಂತರೆ ಇಡೀ ಮೂರನೇ ತರಗತಿ ಕಿವಿ ನಿಮಿರಿಸಿ ಕೂರುತ್ತಿತ್ತು. ಪುಟದ ತುದಿಯಿಂದ ಬುಡದವರೆಗೆ ಒಂದೇ ಉಸಿರು. ಅಲ್ಪವಿರಾಮ, ಪೂರ್ಣವಿರಾಮ, ಯಾವ ಸ್ಟೇಷನ್ನಿನಲ್ಲೂ ನಿಲ್ಲದ ಗಾಡಿ. ಅದಕ್ಕೇ ಮಕ್ಕಳೆಲ್ಲ ಅವಳಿಗೆ ‘ರೈಲು’ ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರೆಂದರೆ ಹೆಮ್ಮೆಯೇ.

“ಓದಿದ್ದೆಲ್ಲ ಸರಿ, ಏನು ಓದಿದೆ ಹೇಳು ನೋಡೋಣ,” ಎಂದು ಟೀಚರಮ್ಮ ಕೇಳಿದರೆ ಮಾತ್ರ ಕಣ್ಣು ಪಿಳಿಪಿಳಿ.

“ಪಾಠ ಓದಿದೆ ಟೀಚರ್.”

ಟೀಚರಮ್ಮನಿಗೆ ಇದೇ ಒಂದು ಕೊರಗು. ಹದಿನಾರು ವರ್ಷದಿಂದ ಅದೇ ಶಾಲೆ, ಅದೇ ಕೋಣೆ, ಅದೇ ಕಾಲು ಅಲುಗಾಡುವ ಮೇಜು. ಅಕ್ಷರ ತಿದ್ದಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಓದಿದ ಕಥೆ ಎಷ್ಟು ಮಕ್ಕಳ ಒಳಗೆ ಇಳಿಯಿತು ಎಂದು ಕೇಳಿಕೊಂಡರೆ ಬೆರಳು ಮಡಚಲೂ ಧೈರ್ಯ ಬರುತ್ತಿರಲಿಲ್ಲ. ಗೈಡಿನಿಂದ ಉತ್ತರ ಬರೆಸುವುದು, ಮಕ್ಕಳು ಗಿಳಿಪಾಠ ಒಪ್ಪಿಸುವುದು, ಅಲ್ಲಿಗೆ ಪಾಠ ಮುಗಿಯಿತು. ಆ ವರ್ಷ ಅವರು ಹಟ ಹಿಡಿದು ಹೊಸ ದಾರಿ ಹಿಡಿದರು. ಅದಕ್ಕೆ ಪತ್ತೇದಾರಿ ಆಟ ಎಂದು ಹೆಸರು ಕೊಟ್ಟರು.

“ನೋಡ್ರೋ ಮಕ್ಕಳೇ, ಕಥೆ ಅನ್ನೋದು ಭಾರೀ ಜಂಬದ್ದು. ಎಲ್ಲಾನೂ ಬಾಯಿಬಿಟ್ಟು ಹೇಳಲ್ಲ. ಅಲ್ಲೊಂದು ಇಲ್ಲೊಂದು ಸುಳಿವು ಬಿಟ್ಟು ಸುಮ್ಮನೆ ಕೂತಿರುತ್ತೆ. ನಾವೇ ಹುಡುಕಬೇಕು.”

ಮೊದಲು ಒಂದು ಪದ್ಯ. ಮೂಲೆಯಲ್ಲಿಟ್ಟ ಕೊಡೆಯಿಂದ ನೆಲದ ಮೇಲೆ ನೀರು ತೊಟ್ಟಿಕ್ಕುತ್ತದೆ, ಬೆಕ್ಕು ಕಾಲು ಕೊಡವಿಕೊಂಡು ಒಳಗೆ ಬರುತ್ತದೆ. ಮಳೆ ಎಂಬ ಮಾತು ಪದ್ಯದಲ್ಲಿ ಎಲ್ಲೂ ಇಲ್ಲ. ಹುಡುಗರು ತಲೆ ಕೆರೆದುಕೊಂಡರು. ಒಬ್ಬ, “ಬೆಕ್ಕಿಗೆ ಸ್ನಾನ ಮಾಡ್ಸಿದಾರೆ” ಎಂದ. ಕ್ಲಾಸು ಗೊಳ್ಳೆಂದಿತು. ರೈಲು ಮಾತ್ರ ನಗಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ನಿಂತೇಬಿಟ್ಟಿದ್ದಳು. ಆಮೇಲೆ ನಿಧಾನವಾಗಿ, “ಹೊರಗಡೆ ಮಳೆ ಬರ್ತಿದೆ ಟೀಚರ್,” ಎಂದಳು.

ಟೀಚರಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂದಿನಿಂದ ಹುಡುಗಿಯ ಓದೇ ಬದಲಾಯಿತು. ವಾಕ್ಯ ವಾಕ್ಯಕ್ಕೂ ನಿಲ್ಲುವಳು, ಹಿಂದಿನ ಪುಟ ತಿರುವುವಳು, ಯಾಕೆ ಏನು ಎಂದು ಟೀಚರಮ್ಮನ ತಲೆ ತಿನ್ನುವಳು. “ಮೇಡಂ, ಬೇರೆ ಸೆಕ್ಷನ್ನವರು ಎಂಟನೇ ಪಾಠದಲ್ಲಿದ್ದಾರೆ, ನೀವಿನ್ನೂ ಐದನ್ನೇ ಜಗೀತಾ ಇದೀರಲ್ಲ,” ಎಂದು ಹೆಡ್‌ಮಾಸ್ತರರು ಗೊಣಗಿದಾಗಲೂ ಟೀಚರಮ್ಮ ನಕ್ಕು ಮತ್ತೆ ಐದನೇ ಪಾಠವನ್ನೇ ತೆರೆದರು.

ಆರನೆಯದು ಮುದಿ ಕುದುರೆಯ ಪಾಠ. ಒಬ್ಬ ಹುಡುಗಿ ದಿನವೂ ಬೆಳಿಗ್ಗೆ ಲಾಯದ ಕುದುರೆಗೆ ಬಕೆಟ್ಟಿನಲ್ಲಿ ನೀರಿಡುತ್ತಾಳೆ. ಒಂದು ದಿನ ಕುದುರೆ ಕಟ್ಟುವ ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕಿದ್ದಾರೆ. ದೊಡ್ಡವರು ಪಿಸುಪಿಸು ಮಾತಾಡುತ್ತಾರೆ. ಲಾಯದ ಕಡೆ ಆಟಕ್ಕೆ ಹೋಗಬೇಡ ಎಂದು ತಾತ ಅವಳ ತಲೆ ಸವರುತ್ತಾನೆ. ಬಕೆಟ್ಟಿನ ನೀರು ಹಾಗೇ ಇರುತ್ತದೆ. ಅಲ್ಲಿಗೆ ಪಾಠ ಮುಗಿಯಿತು.

“ಕುದುರೆಗೆ ಬಾಯಾರಿಕೆ ಆಗಿಲ್ಲ,” ಎಂದರು ಮಕ್ಕಳು. ಗೈಡಿನಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು.

“ಹಗ್ಗ ಯಾಕೆ ಸುತ್ತಿಟ್ರು? ತಾತ ಯಾಕೆ ಬೇಡ ಅಂದ? ಸುಳಿವು ಒಟ್ಟುಮಾಡಿ.”

ರೈಲು ಎದ್ದು ನಿಂತಳು. “ಕುದುರೆ ಸತ್ತೋಗಿದೆ ಟೀಚರ್. ಎಲ್ರಿಗೂ ಗೊತ್ತು. ಆ ಹುಡುಗಿಗೆ ಒಬ್ಬಳಿಗೇ ಯಾರೂ ಹೇಳಿಲ್ಲ.”

“ಭಲೇ! ಎಲ್ರೂ ಚಪ್ಪಾಳೆ ತಟ್ಟಿ,” ಎಂದರು ಟೀಚರಮ್ಮ. ಅಷ್ಟು ಜೋರು ಚಪ್ಪಾಳೆಯನ್ನು ಆ ಕೋಣೆ ಕೇಳಿರಲಿಲ್ಲ. ಹುಡುಗಿ ಮಾತ್ರ ಮುಖ ಅರಳಿಸದೆ ಕುಳಿತಳು.

ಬೆಲ್ಲಾಗಿ ಎಲ್ಲರೂ ಹೊರಗೋಡಿದ ಮೇಲೆ ಅವಳು ಮೇಜಿನ ಹತ್ತಿರ ಬಂದಳು.

“ಟೀಚರ್, ಸುಳಿವು ಹುಡುಕೋದು ಪುಸ್ತಕದಲ್ಲಿ ಮಾತ್ರಾನಾ?”

“ಯಾಕೆ ಪುಟ್ಟಿ?”

“ನಮ್ಮಮ್ಮ ಬೇರೆ ಊರಿನ ಆಸ್ಪತ್ರೇಲಿದಾಳೆ. ಮುಂಚೆ ದಿನಾ ಫೋನಲ್ಲಿ ಮಾತಾಡ್ತಿದ್ಲು. ಈಗ ಅಮ್ಮ ಮಲಗಿದಾಳೆ ಅಂತಾರೆ ಅಪ್ಪ. ದಿನಾ ಮಲಗಿರ್ತಾಳೆ. ಅಮ್ಮನ ಬ್ರಷ್ಷು ಲೋಟದಲ್ಲಿಲ್ಲ. ಬಟ್ಟೆನೆಲ್ಲ ಅಜ್ಜಿ ಮಡಚಿ ಮೇಲಿನ ಪೆಟ್ಟಿಗೇಲಿಟ್ಟಿದಾಳೆ. ನೆಂಟರು ಬಂದ್ರೆ ನನ್ನ ನೋಡಿ ಮಾತು ನಿಲ್ಲಿಸ್ತಾರೆ, ಬಿಸ್ಕತ್ ಕೊಡ್ತಾರೆ.” ಕೊನೆಗೆ ಕೇಳಿದಳು: “ಇದೂ ಹಂಗೇನಾ ಟೀಚರ್?”

ಟೀಚರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ತಾಯಿಗೆ ಹುಷಾರಿಲ್ಲ ಎಂದಷ್ಟೇ ಅವರು ಬಲ್ಲರು. ಇನ್ನೇನೂ ಗೊತ್ತಿರಲಿಲ್ಲ. ಆದರೂ ಆ ಕ್ಷಣದಲ್ಲಿ ಗೊತ್ತಾಗಿಹೋಯಿತು.

“ಛೇ, ಇಲ್ಲಮ್ಮಾ. ಕಥೆ ಬೇರೆ, ಮನೆ ಬೇರೆ. ಅಮ್ಮ ಹುಷಾರಾಗಿ ಬರ್ತಾರೆ. ಹೋಗು, ಊಟ ಮಾಡ್ಹೋಗು.”

ಹುಡುಗಿ “ಹೂಂ” ಎಂದು ಹೋದಳು.

ಟೀಚರಮ್ಮ ನೇರ ಹೆಡ್‌ಮಾಸ್ತರರ ಕೋಣೆಗೆ ನಡೆದರು. ಅವರು ಪರೀಕ್ಷೆಯ ವೇಳಾಪಟ್ಟಿಗೆ ಗೆರೆ ಎಳೆಯುತ್ತಿದ್ದರು. “ಓ, ಅದಾ? ಆಕೆ ಹೋಗಿ ಐದು ವಾರ ಆಯ್ತು ಮೇಡಂ. ಅಲ್ಲೇ ಎಲ್ಲ ಮುಗಿಸಿ ಬಂದ್ರಂತೆ. ಪರೀಕ್ಷೆ ಮುಗಿಯೋವರೆಗೂ ಮಗುಗೆ ತಿಳೀಬಾರದು ಅಂತ ಅವರಪ್ಪ ಬಂದು ಹೇಳಿದ್ರು. ನಿಮಗೂ ಹೇಳ್ಬೇಕಿತ್ತು. ಈ ಕೆಲಸದ ಗಡಿಬಿಡೀಲಿ ಮರ್ತೇಬಿಟ್ಟೆ ನೋಡಿ.”

ಮೊದಲೇ ತಿಳಿದಿದ್ದರೆ ಆ ಪಾಠವನ್ನು ಹಾರಿಸಿಬಿಡಬಹುದಿತ್ತು. ಕೊನೆಗೆ ಚಪ್ಪಾಳೆಯನ್ನಾದರೂ ತಟ್ಟಿಸುತ್ತಿರಲಿಲ್ಲ.

ಮರುದಿನ ಹುಡುಗಿ ಬರಲಿಲ್ಲ. ಅವಳಪ್ಪ ಬಂದ. ಮನೆ ಮನೆಗೆ ವೈರಿಂಗ್ ಮಾಡುವವನು. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇತ್ತು, ಕಣ್ಣು ಕೆಂಡದ ಹಾಗಿತ್ತು. ಕೂಗಾಡುತ್ತಾನೆ ಎಂದುಕೊಂಡಿದ್ದರು ಟೀಚರಮ್ಮ. ಅವನು ಕೂಗಾಡಲಿಲ್ಲ. ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತ.

“ಊಟದ ತಟ್ಟೆ ಮುಂದೆ ಕೂತು ಒಂದೊಂದೇ ಬೆರಳು ಮಡಚಿ ಹೇಳಿದ್ಲು ಟೀಚರ್. ಬ್ರಷ್ಷು. ಬಟ್ಟೆ. ಫೋನು. ಬಿಸ್ಕತ್ತು. ಎಲ್ಲ ಹೇಳಿ, ‘ಅಪ್ಪಾ, ನನ್ನ ಉತ್ತರ ಸರೀನಾ?’ ಅಂದ್ಲು.” ಅವನು ಜೇಬಿನ ಟೆಸ್ಟರ್ ತೆಗೆದು ಮತ್ತೆ ಅಲ್ಲೇ ಇಟ್ಟ. “ನಾನು ಅವಳಿಗೆ ಹೇಳ್ಬೇಕಾಗಿದ್ದನ್ನ ಅವಳು ನನಗೆ ಹೇಳಿದ್ಲು. ಅವಳಜ್ಜಿ ಅಲ್ಲೇ ಕುಸಿದು ಕೂತ್ರು. ನಾನು ಸರಿ ಅಂತಾನೂ ಅನ್ನಲಿಲ್ಲ, ತಪ್ಪು ಅಂತಾನೂ ಅನ್ನಲಿಲ್ಲ.”

“ನನಗೆ ಗೊತ್ತಿರಲಿಲ್ಲ…”

“ಗೊತ್ತು. ನಿಮ್ಮನ್ನ ಬೈಯೋಕೆ ಅಂತಲೇ ಬಂದೆ. ಬೈಯೋಕೂ ಆಗ್ತಿಲ್ಲ. ಓದು ಬರ್ಲಿ ಅಂತ ತಾನೇ ನಾವು ಶಾಲೆಗೆ ಕಳಿಸೋದು?” ಎಂದು ಎದ್ದು ಹೋದ.

ಸಂಜೆ ಟೀಚರಮ್ಮ ಅವರ ಮನೆಗೆ ಹೋದರು. ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ತುಂಬ ವೈರಿನ ಸುರುಳಿ. ಬಾಗಿಲು ತೆರೆದದ್ದು ಹುಡುಗಿಯೇ. ಅಳು ಮುಗಿದ ಮುಖ, ಒದ್ದೆ ಕೂದಲು.

“ನಾನು ನಿಂಗೆ ಸುಳ್ಳು ಹೇಳ್ಬಿಟ್ಟೆ ಪುಟ್ಟಿ,” ಎಂದರು ಟೀಚರಮ್ಮ. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇದೊಂದೇ.

“ಗೊತ್ತಿತ್ತು ಟೀಚರ್. ನೀವು ಅಮ್ಮ ಬರ್ತಾರೆ ಅನ್ನುವಾಗ ಕಿಟಕಿ ನೋಡ್ತಿದ್ರಿ.”

ಒಳಗಿನಿಂದ ಅಜ್ಜಿ, “ಯಾರೇ ಅದು?” ಎಂದು ಕೂಗಿದರು. ಬಾಗಿಲಿಗೆ ಬಂದು ಟೀಚರಮ್ಮನನ್ನು ಕಂಡವರೇ ಮೊಮ್ಮಗಳ ಭುಜ ಹಿಡಿದು ಒಳಕ್ಕೆ ಸರಿಸಿದರು. “ಇನ್ನು ಸಾಕಮ್ಮಾ. ಮಗುಗೆ ತಿಳಿಸಿದ್ದು ಸಾಕು.” ಬಾಗಿಲನ್ನು ಮೆಲ್ಲಗೆ ಮುಚ್ಚಿದರು, ಚಿಲಕ ಹಾಕಿದ ಸದ್ದು ಕೇಳಿಸಿತು.

ಹುಡುಗಿ ಶಾಲೆಗೆ ಬಂದದ್ದು ಪರೀಕ್ಷೆಯ ನಾಲ್ಕು ದಿನ ಮಾತ್ರ. ಬಂದಳು, ಬರೆದಳು, ಹೋದಳು. ಕುದುರೆಯ ಬಕೆಟ್ಟಿನ ನೀರು ಯಾಕೆ ಹಾಗೇ ಇತ್ತು ಎಂಬ ಪ್ರಶ್ನೆ ಬಂದಿತ್ತು. ಅದರ ಕೆಳಗೆ ಅವಳು ಏನೂ ಬರೆದಿರಲಿಲ್ಲ. ಟೀಚರಮ್ಮ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ನಿಯಮದಂತೆ ಸೊನ್ನೆ ಹಾಕಿದರು.

ರಜೆಯಲ್ಲಿ ಅವಳನ್ನು ಅತ್ತೆಯ ಊರಿಗೆ ಕಳಿಸಿದರು. ಅಲ್ಲಿನ ಶಾಲೆಗೆ ಕೊಡುವ ಪತ್ರದಲ್ಲಿ ಓದು, ಬರಹ, ಅರ್ಥ ಮಾಡಿಕೊಳ್ಳುವ ಶಕ್ತಿ ಎಂದು ಮೂರು ಕಾಲಂ ಇದ್ದವು. ಕೊನೆಯದರಲ್ಲಿ ಟೀಚರಮ್ಮ ‘ಅತ್ಯುತ್ತಮ’ ಎಂದು ಬರೆದರು. ಬರೆದಾದ ಮೇಲೆ ಆ ಮಾತಿಗೇ ನಾಚಿಕೆಯಾಗಿ ಕಾಗದವನ್ನು ಬೇಗ ಲಕೋಟೆಗೆ ತುರುಕಿದರು.

ಹೊಸ ವರ್ಷ ಹೊಸ ಮಕ್ಕಳು ಬಂದರು. ಮೊದಲ ಪಾಠ ಓದಿಸಿ ಮುಗಿಯುವಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬಳು ಕೈ ಎತ್ತಿದಳು. “ಟೀಚರ್, ಕಥೇಲಿ ಆ ಅಣ್ಣ ಯಾಕೆ ತಿರುಗಿ ನೋಡ್ದೆ ಹೋದ?”

ಹೇಳಲು ಬಾಯಿ ತೆರೆದ ಟೀಚರಮ್ಮ ಆ ಮಗುವಿನ ಮುಖ ನೋಡಿದರು. ಅವಳ ಮನೆಯಲ್ಲಿ ಏನಿದೆಯೋ, ಯಾರಿದ್ದಾರೋ, ಯಾರಿಲ್ಲವೋ.

“ಅದೆಲ್ಲ ಪರೀಕ್ಷೆಗೆ ಬರಲ್ಲ ಕೂತ್ಕೋ,” ಎಂದರು. ಗೈಡು ತೆಗೆದು ಬೋರ್ಡಿನ ಮೇಲೆ ಒಂದನೇ ಪ್ರಶ್ನೆಯ ಉತ್ತರ ಬರೆಯತೊಡಗಿದರು. ಮಕ್ಕಳು ತಲೆ ತಗ್ಗಿಸಿ, ಒಂದಕ್ಷರ ತಪ್ಪಿಲ್ಲದೆ, ನಕಲು ಮಾಡಿಕೊಂಡರು.