ನಂಜುಂಡನ ಮುಂದೆ ಎರಡು ಪೊಟ್ಟಣ

"ಮನೆಯೊಳಗೆ ಬೂಟು ಹಾಕ್ಕೊಂಡು ಓಡಾಡ್ತೀಯಲ್ಲೋ, ಇದೇನು ಮನೆಯೋ ಪೊಲೀಸ್ ಠಾಣೆಯೋ?" ಇಂದಿರಮ್ಮ ಅಡುಗೆಮನೆಯಿಂದಲೇ ಮಗನನ್ನು ಗದರಿದರು.

"ಹೊಸದಮ್ಮಾ, ಕಚ್ಚತ್ತೆ. ಹೋಗೋದ್ರೊಳಗೆ ಪಳಗಿಸ್ಕೋಬೇಕು," ಎಂದ ವರುಣ್.

ಮರಳಿನಲ್ಲಿ ನಡೆಯಲೆಂದು ತಂದ ಬೂಟು, ಕಣಕಾಲು ಮುಚ್ಚುವಂಥದ್ದು. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಧಪ್ ಧಪ್ ಎಂದು ನಡೆಯುತ್ತಲೇ ಇದ್ದ. ಯಾವ ದೇಶದ ಮರಳು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಇರಾಕೋ ಲಿಬಿಯಾವೋ, ಸಂಜೆ ದುಬೈಯಿಂದ ಏಜೆಂಟನ ಫೋನು ಬಂದಾಗ ಹೇಳಬೇಕಿತ್ತು.

ವರುಣ್ ಪೈಪ್‌ಲೈನ್ ಇಂಜಿನಿಯರು. ಅವರು ನೆಲೆಸಿದ್ದ ಆಸ್ಟ್ರೇಲಿಯಾದ ಪರ್ತ್‌ನ ಕಂಪನಿ ಪ್ರಾಜೆಕ್ಟ್ ಮುಗಿಯಿತೆಂದು ಅವನನ್ನು ಕೆಲಸದಿಂದ ಬಿಡಿಸಿ ಅರ್ಧ ವರ್ಷವಾಗಿತ್ತು. ಬೇರೆ ಕೆಲಸ ಸಿಗಲಿಲ್ಲವೇ ಅಂದರೆ, ಸಿಕ್ಕಿತ್ತು, ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯಲ್ಲಿ. ಆದರೆ ಅಲ್ಲಿ ಮೇಲಧಿಕಾರಿ ಯಾರಪ್ಪಾ ಅಂದರೆ ಒಂದು ಕಾಲಕ್ಕೆ ವರುಣನೇ ಕೆಲಸ ಕಲಿಸಿದ ತೇಜಸ. "ಅವನಿಗೆ ನಾನು ಯೆಸ್ ಬಾಸ್ ಅನ್ಬೇಕಾ?" ಎಂದು ಅದನ್ನು ಪಕ್ಕಕ್ಕೆ ತಳ್ಳಿದ್ದ. ಬಂದೂಕಿನವರ ನಡುವೆ ಬೇಕಾದರೆ ಇರಬಹುದಂತೆ, ಶಿಷ್ಯನ ಕೈಕೆಳಗೆ ಇರಕೂಡದಂತೆ. ಗಂಡಸರ ಮಾನದ ಲೆಕ್ಕವೇ ಒಂದು ಬಗೆ, ಬಿಡಿ.

ಹೆಂಡತಿ ಕಸ್ತೂರಿಯದು ಇನ್ನೂ ವಿಚಿತ್ರ. ಅವಳ ಕೆಲಸವೇ ದೇಶ ದೇಶಗಳನ್ನು ತೂಗುವುದು. ಗಣಿಯವರು, ಎಣ್ಣೆಯವರು ತಮ್ಮ ಜನರನ್ನು ಗಲಾಟೆಯ ದೇಶಗಳಿಗೆ ಕಳಿಸುವ ಮೊದಲು ಅವಳ ಆಫೀಸನ್ನು ಕೇಳುತ್ತಿದ್ದರು. ಅಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ನೀರು ಕುಡಿಯಬಹುದೇ, ಆಸ್ಪತ್ರೆ ಎಷ್ಟು ದೂರ, ರಸ್ತೆಯಲ್ಲಿ ಯಾರ ಕಾವಲು. ಕಸ್ತೂರಿ ಎಲ್ಲವನ್ನೂ ನೋಡಿ, ಅಪಾಯಕ್ಕೆ ತಕ್ಕಂತೆ ಹಳದಿ, ಕೇಸರಿ, ಕೆಂಪು ಎಂದು ಬಣ್ಣ ಹಚ್ಚಿ ಕೊಡುತ್ತಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಾನದ ಮಡಕೆಗೆ ಬಿತ್ತಂತೆ. ಈಗ ಆ ಎರಡು ದೇಶ ಅವಳ ಊಟದ ಮೇಜಿನ ಮೇಲೇ ಬಂದು ಕೂತಿದ್ದವು.

ಆ ಶುಕ್ರವಾರ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ವರುಣ್ ಅವಳಿಗೆ ಕೇಳಿಸಲೆಂದೇ ಉತ್ತಮನಿಗೆ ಸ್ಪೀಕರ್ ಹಾಕಿ ಫೋನು ಮಾಡಿದ. ಉತ್ತಮ್ ಹಳೆಯ ಗೆಳೆಯ, ಎರಡೂ ಕಡೆ ಕೆಲಸ ಮಾಡಿ ಬಂದು ಈಗ ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ನೆಲೆಸಿದ್ದವನು.

"ಇರಾಕಿನ ಬಸ್ರಾದಲ್ಲಿ ಕ್ಯಾಂಪ್ ಅಂದ್ರೆ ಎಸಿ ಹಾಕಿದ ಜೈಲು ಮಗಾ," ಎಂದ ಉತ್ತಮ್. "ಗೋಡೆ ಒಳಗೆ ಕರೆಂಟು, ನೀರು, ಜಿಮ್ಮು ಎಲ್ಲಾ ಇರತ್ತೆ. ಗೋಡೆ ಆಚೆ ಜನ ಐವತ್ತು ಡಿಗ್ರಿ ಸೆಕೇಲಿ ಕರೆಂಟಿಲ್ದೆ ಬೀದೀಲಿ ಕೂತಿರ್ತಾರೆ. ನಲ್ಲಿ ನೀರು ಬರೀ ಉಪ್ಪು. ಹೊರಗೆ ಹೋಗ್ಬೇಕಂದ್ರೆ ಗುಂಡು ತಾಗದ ಗಾಡೀಲೇ ಹೋಗ್ಬೇಕು."

"ಲಿಬಿಯಾ?"

"ಜನ ಬಂಗಾರ. ಕರೆದು ಊಟ ಹಾಕ್ತಾರೆ. ಆದ್ರೆ ಒಂದು ದೇಶಕ್ಕೆ ಎರಡು ಸರ್ಕಾರ ಕಣೋ. ಇವ್ರ ಮೇಲೆ ಅವ್ರಿಗೆ ಸಿಟ್ಟು ಬಂದ್ರೆ ಎಣ್ಣೆ ನಿಲ್ಲಿಸ್ಬಿಡ್ತಾರೆ. ಏರ್‌ಪೋರ್ಟ್ ಮುಚ್ಚಿದ್ರೆ ಮುಗೀತು, ಮರಳಲ್ಲಿ ಕೂತ್ಕೊಂಡು ಆಕಾಶ ನೋಡು."

"ನೀನಾದ್ರೆ ಈಗ ಎಲ್ಲಿಗ್ ಹೋಗ್ತೀಯ?"

"ನಾನಾ? ನಾನು ಈ ಮಧ್ಯಾಹ್ನ ಇಲ್ಲೇ ಇಂಡೂರೂಪಿಲ್ಲಿ ಮಾಲಿಗೆ ಹೋಗ್ತೀನಿ, ಮಗಳಿಗೆ ಶೂ ತರಕ್ಕೆ."

ವರುಣ್ ನಗಲಿಲ್ಲ. ಫೋನಿಟ್ಟು ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡ.

"ನಿನ್ನ ಕೆಲಸಾನೇ ಇದಲ್ವಾ ಕಸ್ತೂರಿ? ಯಾರ್ಯಾರ ಗಂಡಂದಿರಿಗೋ ಹೇಳ್ತೀಯ, ನಿನ್ನ ಗಂಡಂಗೆ ಹೇಳಕ್ಕೇನು ಕಷ್ಟ?"

"ಅವರ ಮುಖ ನಾನು ನೋಡಿರಲ್ಲ."

"ನನ್ನ ಮುಖಾನೂ ನೋಡ್ಬೇಡ. ಯಾವ್ದು, ಅಷ್ಟು ಹೇಳು."

ಕಸ್ತೂರಿ ಕಂಪ್ಯೂಟರಿನ ಕಡೆ ತಿರುಗಿದಳು. ಅವಳ ಲೆಕ್ಕದಲ್ಲಿ ಇರಾಕ್ ಒಂದು ಕೂದಲೆಳೆ ಮೇಲು. ಆದರೆ ಅದನ್ನು ಬಾಯಲ್ಲಿ ಆಡಿ, ನಾಳೆ ಅಲ್ಲೇ ಏನಾದರೂ ಆದರೆ? ಇರಾಕ್ ಎಂದು ಹೇಳಿದ ನಾಲಿಗೆಯನ್ನು ಬಾಯಲ್ಲಿಟ್ಟುಕೊಂಡು ಜೀವಮಾನವೆಲ್ಲ ಊಟ ಮಾಡುವುದು ಹೇಗೆ? ಅವಳಿಗೆ ಭಯವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರಂತೆ ಕೂತಿದ್ದರು.

ಇಂದಿರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ಅತ್ತ ದರಿ ಇತ್ತ ಪುಲಿ. ಇದಕ್ಕೆಲ್ಲ ಕಂಪ್ಯೂಟರ್ ಹೇಳತ್ತೇನ್ರೋ? ನಂಜುಂಡೇಶ್ವರನ್ನೇ ಕೇಳೋಣ. ನನ್ನ ಮದುವೆ ಗಟ್ಟಿ ಆಗಿದ್ದೂ ಹೀಗೇನೆ. ಒಂದು ಪೊಟ್ಟಣದಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು. ದೇವರ ಮುಂದಿಟ್ಟು ಮಗು ಕೈಲಿ ಎತ್ತಿಸೋದು. ಬಿಳಿ ಬಂದ್ರೆ ಇರಾಕು, ಕೆಂಪು ಬಂದ್ರೆ ಲಿಬಿಯಾ."

"ಆಗ್ಲಿ," ಎಂದ ವರುಣ್, ದೇವರಿಗೆ ಒಂದು ದಿನವೂ ಕೈಮುಗಿಯದವನು.

"ಹೋಗೋದು ಬೇಡ ಅನ್ನೋದಕ್ಕೆ ಮೂರನೇ ಪೊಟ್ಟಣ ಇಡ್ಲೇನೋ?"

"ಬೇಡಮ್ಮಾ. ಎರಡೇ."

ಇಂದಿರಮ್ಮ ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹಿತ್ತಲಿಗೆ ಹೋಗಿ ಒಂದು ಬಿಳಿ ದೇವಕಣಗಿಲೆ, ಒಂದು ಕೆಂಪು ದಾಸವಾಳ ಕಿತ್ತು ತಂದರು. ಕಾಗದದಲ್ಲಿ ಕಟ್ಟಿದರೆ ಬಣ್ಣ ಕಾಣುತ್ತದೆಂದು ಫಾಯಿಲ್ ಹರಿದು ಪೊಟ್ಟಣ ಕಟ್ಟಿದರು. ಪ್ಯಾಂಟ್ರಿಯ ಒಂದು ಹಲಗೆಯ ಮೇಲೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿ ನಂಜುಂಡೇಶ್ವರನ ಫೋಟೋ. ಪೊಟ್ಟಣಗಳನ್ನು ಅದರ ಮುಂದಿಟ್ಟರು. ಮೊಮ್ಮಗಳು ಇಂಚರಾ ಸ್ಕೂಲಿನಿಂದ ಬರುವಷ್ಟರಲ್ಲಿ ಮುಗಿಸೋಣವೆಂದು ಸ್ನಾನಕ್ಕೆ ಹೋದರು. ವರುಣ್ ಮಗಳನ್ನು ಕರೆತರಲು ಬೂಟಿನಲ್ಲೇ ಹೊರಟ.

ಅಡುಗೆಮನೆಯ ಕಡೆ ಯಾರೂ ಇರಲಿಲ್ಲ. ಕಸ್ತೂರಿ ಎದ್ದಳು. ಹಿತ್ತಲಿಂದ ಇನ್ನೊಂದು ಬಿಳಿ ಹೂವು ಕಿತ್ತುಕೊಂಡು, ಯಾರದೋ ಮನೆಗೆ ನುಗ್ಗಿದ ಕಳ್ಳಿಯಂತೆ ಪ್ಯಾಂಟ್ರಿಗೆ ಬಂದಳು. ಕೆಂಪು ತೆಗೆದು ಅಲ್ಲೂ ಬಿಳಿ ಇಟ್ಟುಬಿಟ್ಟರೆ ಮಗು ಯಾವುದನ್ನೆತ್ತಿದರೂ ಇರಾಕೇ. ಹೇಳಿದ್ದು ದೇವರು, ತಾನಲ್ಲ. ಎಂ.ಎಸ್ಸಿ. ಓದಿದವಳ ಬುದ್ಧಿ ಅಲ್ಲಿಗೆ ಬಂದು ನಿಂತಿತ್ತು.

ಮೊದಲ ಪೊಟ್ಟಣ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ.

ಎರಡನೆಯದೂ ಖಾಲಿ.

ಅತ್ತೆ ಕಿತ್ತು ತಂದ ಹೂವುಗಳು ಫೋಟೋದ ಹಿಂದೆ, ಕುಂಕುಮದ ಭರಣಿಯ ಮರೆಯಲ್ಲಿ ಜೊತೆಯಾಗಿ ಮಲಗಿದ್ದವು. ಕಸ್ತೂರಿ ಅವನ್ನೇ ನೋಡುತ್ತಾ ನಿಂತಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಬೇಕಾದರೆ ಈಗಲೂ ತನ್ನ ಕೈಯ ಹೂವನ್ನು ಒಳಗಿಡಬಹುದಿತ್ತು, ಇನ್ನೊಂದಕ್ಕೆ ಅಲ್ಲೇ ಇದ್ದ ಬಿಳಿ ಹೂವೂ ಆಗುತ್ತಿತ್ತು. ಇಡಲಿಲ್ಲ. ಫಾಯಿಲನ್ನು ಮೊದಲಿದ್ದ ಹಾಗೇ, ಉಬ್ಬಿಸಿ ಮಡಿಚಿಟ್ಟು, ತನ್ನ ಹೂವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಇಂಚರಾ ಬಂದವಳೇ ಬ್ಯಾಗ್ ಎಸೆದು, ಅಜ್ಜಿ ಹೇಳಿದಂತೆ ಕಣ್ಣುಮುಚ್ಚಿ ಬಲಗೈಯಲ್ಲಿ ಒಂದು ಪೊಟ್ಟಣ ಎತ್ತಿದಳು. ಬಿಚ್ಚಿದಳು.

"ಅಜ್ಜಿ, ದೇರ್ಸ್ ನಥಿಂಗ್ ಇನ್ ಹಿಯರ್."

ವರುಣ್ ಇನ್ನೊಂದನ್ನು ತಾನೇ ಕಿತ್ತುಕೊಂಡು ಬಿಚ್ಚಿದ. ಫಾಯಿಲನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಮ್ಮಾ. ಏನಿದು ತಮಾಷೆ?"

"ನಂಜುಂಡ ಕೊಡ್ಲಿಲ್ಲ. ನಾನೇನ್ ಮಾಡ್ಲಿ?" ಇಂದಿರಮ್ಮ ಫಾಯಿಲನ್ನು ಅವನ ಕೈಯಿಂದ ತೆಗೆದುಕೊಂಡರು. "ನನ್ನ ಕೈಯಿಂದಲೇ ಕಟ್ಟಿ ನಿನ್ನ ಅಲ್ಲಿಗೆ ಕಳಿಸು ಅಂದ್ರೆ ಆಗಲ್ಲ ಕಣೋ. ಇಟ್ಟೆ. ಇಟ್ಟು ತೆಗೆದ್ಬಿಟ್ಟೆ."

"ಫೋನ್ ಬರತ್ತೆ ಈಗ! ಏನಂತ ಹೇಳ್ಲಿ ಅವರಿಗೆ?" ವರುಣ್ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳು. ಹೇಳೇ!"

"ಇರಾಕ್ ಒಂದು ಕೂದಲೆಳೆ ಮೇಲು. ಸಾಕಾ?" ಕಸ್ತೂರಿ ಕೂಗಿದಳು. ಅವಳು ಅತ್ತೆಯ ಎದುರು ಹೀಗೆ ಕೂಗಿದ್ದೇ ಇಲ್ಲ. "ಆ ಕೂದಲೆಳೆ ನಂಬ್ಕೊಂಡು ನಾನು ಬದುಕಕ್ಕಾಗಲ್ಲ ವರುಣ್. ನಂಗೆ ಭಯ ಆಗತ್ತೆ. ಎರಡೂ ಬೇಡ. ತೇಜಸನ ಮುಂದೆ ಕೂತ್ಕೊಳ್ಳಕ್ಕೆ ನಿಂಗೆ ನಾಚಿಕೆ. ನಿನ್ನ ನಾಚಿಕೆಗೆ ನಾವು ಮೂರು ಜನ ಯಾಕೋ ಜೀವ ಕೈಲಿ ಹಿಡ್ಕೊಂಡಿರ್ಬೇಕು?"

ಇಂಚರಾ ಅಪ್ಪನ ಮುಖ, ಅಮ್ಮನ ಮುಖ ನೋಡಿ ಅಜ್ಜಿಯ ಸೆರಗು ಹಿಡಿದುಕೊಂಡಳು. ಮೇಜಿನ ಮೇಲೆ ಫೋನು ಗುಯ್ಗುಟ್ಟತೊಡಗಿತು.

ವರುಣ್ ಅದನ್ನೆತ್ತಿಕೊಂಡು ಹಿತ್ತಲಿಗೆ ನಡೆದ. ಗಾಜಿನ ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಮುದ್ರದ ಗಾಳಿ ಆಗಲೇ ಎದ್ದು ಅವನ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು.

ಕಸ್ತೂರಿಯ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಇಂದಿರಮ್ಮ ಅದನ್ನು ಹಿಡಿದು ಒಂದೊಂದೇ ಬೆರಳು ಬಿಡಿಸಿದರು. ನಲುಗಿ ಕಂದಿದ ದೇವಕಣಗಿಲೆ ಅಂಗೈಗೆ ಅಂಟಿಕೊಂಡಿತ್ತು. ಸೊಸೆಯ ಮುಖ ನೋಡಿದರು. ಏನೂ ಕೇಳದೆ ಹೂವನ್ನು ಒಯ್ದು, ಭರಣಿಯ ಮರೆಯಲ್ಲಿದ್ದ ಎರಡನ್ನೂ ತೆಗೆದು, ಮೂರನ್ನೂ ನಂಜುಂಡನ ಮುಂದೆ ಇಟ್ಟು ಬಂದರು.

"ಅಮ್ಮಾ, ಲುಕ್," ಎಂದಳು ಇಂಚರಾ, ಗಾಜಿಗೆ ಮೂಗು ಒತ್ತಿಕೊಂಡು.

ವರುಣ್ ಮೆಟ್ಟಿಲ ಮೇಲೆ ಕೂತಿದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಇನ್ನೂ ಮಾತಾಡುತ್ತಲೇ, ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ.